‘ಕೂತ್ಕೋ’ ಎಂದರೆ ಕೂರುವ ನಾಯಿ

1933ರ ಅಕ್ಟೋಬರ್ ತಿಂಗಳಲ್ಲಿ, ನ್ಯೂಯಾರ್ಕ್ ನಗರದ ಉತ್ತರಕ್ಕಿರುವ ಮೌಂಟ್ ಕಿಸ್ಕೋ ಎಂಬ ಊರಿನಲ್ಲಿ ಎಂಟು ನಾಯಿಗಳಿಗೆ ಒಂದು ಪರೀಕ್ಷೆ ನಡೆಯಿತು. ಏರ್ಪಡಿಸಿದ್ದವರು ಹೆಲೆನ್ ವೈಟ್‌ಹೌಸ್ ವಾಕರ್. ಅವರು ದೊಡ್ಡ ಜಾತಿಯ ಪೂಡಲ್‌ಗಳನ್ನು ಸಾಕುತ್ತಿದ್ದರು. ಗುಂಗುರು ಕೂದಲನ್ನು ಅಲ್ಲಲ್ಲಿ ಬೋಳಿಸಿ, ಅಲ್ಲಲ್ಲಿ ಚೆಂಡಿನಂತೆ ಉಳಿಸಿ ಪ್ರದರ್ಶನಕ್ಕೆ ತರುವ ಈ ನಾಯಿಗಳನ್ನು ಕಂಡರೆ ಬೇರೆ ನಾಯಿ ಸಾಕುವವರಿಗೆ ನಗು. ಇವು ಸಿಂಗಾರಕ್ಕಷ್ಟೇ, ತಲೆಯಲ್ಲಿ ಏನೂ ಇಲ್ಲ ಎಂಬ ಮಾತು. ಆ ಮಾತನ್ನು ಸುಳ್ಳು ಮಾಡಬೇಕೆಂದು ವಾಕರ್ ಹೊರಟಿದ್ದರು.

ಅಲ್ಲಿಯವರೆಗೆ ಅಮೆರಿಕದಲ್ಲಿ ನಾಯಿ ಪ್ರದರ್ಶನವೆಂದರೆ ಮೈಕಟ್ಟು, ಬಣ್ಣ, ಕಿವಿ, ಬಾಲ ನೋಡಿ ಬಹುಮಾನ ಕೊಡುವುದು. ಕುರಿ ಕಾಯುವ, ಪೊಲೀಸ್ ಮತ್ತು ಸೇನೆಯ ನಾಯಿಗಳಿಗಾಗಿ ಇಂಗ್ಲೆಂಡಿನ ಸಂಘವೊಂದು ನಡೆಸುತ್ತಿದ್ದ ಪರೀಕ್ಷೆಗಳನ್ನು ಮಾದರಿಯಾಗಿಟ್ಟುಕೊಂಡು ವಾಕರ್ ಹೊಸ ಪಟ್ಟಿ ಮಾಡಿದರು. ಯಜಮಾನರ ಕಾಲ ಬಳಿ ಎಳೆಯದೆ ನಡೆಯಬೇಕು. ಕರೆದರೆ ಬರಬೇಕು. ಕೂರಿಸಿ ದೂರ ಹೋದರೆ ಕೂತಲ್ಲೇ ಇರಬೇಕು. 1936ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಈ ಪರೀಕ್ಷೆಗಳಿಗೆ ಮಾನ್ಯತೆ ಕೊಟ್ಟಿತು. ಮರುವರ್ಷ ವಾಕರ್ ಮತ್ತು ಅವರ ಸಹಾಯಕಿ ಬ್ಲಾಂಚ್ ಸಾಂಡರ್ಸ್ ತಮ್ಮ ಪೂಡಲ್‌ಗಳನ್ನು ಕಾರಿನ ಹಿಂದೆ ಕಟ್ಟಿದ ಟ್ರೇಲರ್‌ನಲ್ಲಿ ಹತ್ತಿಸಿಕೊಂಡು ದೇಶದುದ್ದಕ್ಕೂ ಹತ್ತು ಸಾವಿರ ಮೈಲಿ ಸುತ್ತಿ ಪ್ರಾತ್ಯಕ್ಷಿಕೆ ಕೊಟ್ಟರು. ಬೇಟೆಯಾಡದ, ಕುರಿ ಕಾಯದ, ಕಳ್ಳರನ್ನು ಹಿಡಿಯದ ನಾಯಿಗೂ ಪಾಠ ಬೇಕು ಎಂಬ ವಿಚಾರ ಮಧ್ಯಮವರ್ಗದ ಮನೆಗಳನ್ನು ಹೊಕ್ಕಿದ್ದು ಹೀಗೆ. ಇಂದು ಪುಣೆಯ ಅಪಾರ್ಟ್‌ಮೆಂಟಿನಲ್ಲಿ ಲ್ಯಾಬ್ರಡಾರ್ ಸಾಕಿದವರು ‘ಸಿಟ್, ಸ್ಟೇ, ಕಮ್’ ಎನ್ನುವಾಗ ಬಳಸುವುದು ಹೆಚ್ಚುಕಡಿಮೆ ಅದೇ ಪಟ್ಟಿಯನ್ನು.

ಪಟ್ಟಿ ಹೊಸದಾಗಿತ್ತು. ಕಲಿಸುವ ಕ್ರಮ ಹೊಸದಲ್ಲ. ಅದು ಪೊಲೀಸ್ ಠಾಣೆಯಿಂದಲೂ ಸೇನಾ ಶಿಬಿರದಿಂದಲೂ ಬಂದದ್ದು. ನಾಯಿಗೆ ನೋವು ಕೊಡದೆ, ಒಂದು ತುಣುಕು ತಿನಿಸಿನಿಂದಲೇ ಇದೆಲ್ಲವನ್ನೂ ಕಲಿಸಬಹುದು ಎಂದು ಅದೇ ದೇಶದಲ್ಲಿ ಒಬ್ಬರು 50 ವರ್ಷ ಮೊದಲೇ ಪುಸ್ತಕ ಬರೆದಿದ್ದರು. ಅವರ ಮಾತು ಮನೆಮನೆಗೆ ತಲುಪಲು ಇನ್ನೂ 50 ವರ್ಷ ಹಿಡಿಯಿತು. ಈ ನೂರು ವರ್ಷದ ತಡಕ್ಕೆ ನಾಯಿಗಳ ಸ್ವಭಾವ ಕಾರಣವಲ್ಲ. ಯಾರು ಕಲಿಸುತ್ತಿದ್ದರು, ಯಾವ ಕೆಲಸಕ್ಕಾಗಿ ಕಲಿಸುತ್ತಿದ್ದರು ಎನ್ನುವುದನ್ನು ನೋಡಿದರೆ ಕಾರಣ ತಿಳಿಯುತ್ತದೆ.

ಕೆಲಸದ ನಾಯಿ

ಮನುಷ್ಯರು ನಾಯಿಗೆ ಕಲಿಸಿದ್ದರ ಹಳೆಯ ಬರಹಗಳಲ್ಲಿ ಹಲವು ಬೇಟೆಗೆ ಸಂಬಂಧಿಸಿದವು. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಗ್ರೀಕ್ ಲೇಖಕ ಝೆನೊಫೋನ್ ಬೇಟೆನಾಯಿಗಳ ಬಗ್ಗೆ ಬರೆಯುತ್ತ, ಕೂಗಿ ಕರೆಯಲು ಸುಲಭವಾಗುವಂತೆ ಅವಕ್ಕೆ ಚಿಕ್ಕ ಹೆಸರಿಡಬೇಕೆಂದು ಹೇಳಿ ನಲವತ್ತಕ್ಕೂ ಹೆಚ್ಚು ಹೆಸರುಗಳನ್ನು ಕೊಟ್ಟ. ಇಂದಿನ ತರಬೇತುದಾರರೂ ಕೊಡುವ ಸಲಹೆ ಇದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಸಾರಮೇಯ ವಿನೋದ, ಅಂದರೆ ನಾಯಿಗಳ ವಿನೋದಕ್ಕೂ ಒಂದು ಅಧ್ಯಾಯವಿದೆ.

ಅದಕ್ಕೂ ಮೊದಲಿನ ಕಾಳಿಯ ಕತೆಯನ್ನು ಕನ್ನಡಿಗರು ಬಲ್ಲರು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949–50ರ ಹೊತ್ತಿನದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನಿಗೆ ಬೇಕಾದ್ದು ಕೇಳೆಂದು ಗಂಗರ ಬೂತುಗ ಹೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ಕಾಳಿಯೂ ಒಟ್ಟಿಗೆ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿ ಬಿಟ್ಟರು. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗೆ ಇದಕ್ಕಿಂತ ದೊಡ್ಡ ಗೌರವ ಸಿಕ್ಕಿದ್ದು ಕಡಿಮೆ. ಆದರೆ ಕಾಳಿಯಿಂದ ಯಾರೂ ಮರ್ಯಾದೆಯ ನಡವಳಿಕೆಯನ್ನು ಬಯಸಿರಲಿಲ್ಲ. ಬಯಸಿದ್ದು ಹಂದಿಯ ಮೇಲೆ ಹಿಂದೆಮುಂದೆ ನೋಡದೆ ಬೀಳುವ ಕೆಚ್ಚನ್ನು, ಮತ್ತು ಅದು ಅವಳಲ್ಲಿ ಹುಟ್ಟಿನಿಂದಲೇ ಇತ್ತು.

ಬಂದೂಕು ಬಂದ ಮೇಲೆ ಬೇಟೆಯ ರೀತಿ ಬದಲಾಯಿತು. ಈಗ ನಾಯಿ ಹಕ್ಕಿಯನ್ನು ತಾನೇ ಹಿಡಿಯಬಾರದು. ಹಕ್ಕಿಯ ಸುಳಿವು ಸಿಕ್ಕ ಕೂಡಲೇ ಕಲ್ಲಿನಂತೆ ನಿಂತು ಜಾಗ ತೋರಿಸಬೇಕು, ಗುಂಡಿನ ಸದ್ದಿಗೆ ಓಡಬಾರದು, ಬಿದ್ದ ಹಕ್ಕಿಯನ್ನು ಕಚ್ಚಿ ಹಾಳುಮಾಡದೆ ತರಬೇಕು. ಎಂದರೆ, ಹುಟ್ಟುಗುಣ ಎತ್ತ ಎಳೆದರೂ ನಾಯಿ ತನ್ನನ್ನು ತಡೆದುಕೊಳ್ಳಬೇಕು. ಇದನ್ನು ಕಲಿಸುವುದಕ್ಕೆ 19ನೇ ಶತಮಾನದ ಇಂಗ್ಲಿಷಿನಲ್ಲಿ ಇದ್ದ ಪದ ‘ಬ್ರೇಕಿಂಗ್’, ಅಂದರೆ ಮುರಿಯುವುದು. 1848ರಲ್ಲಿ ಲಂಡನ್ನಿನಲ್ಲಿ ಬಂದ ಹಚಿನ್ಸನ್ ಎಂಬ ಸೇನಾಧಿಕಾರಿಯ ಜನಪ್ರಿಯ ಪುಸ್ತಕದ ಹೆಸರೇ ‘ಡಾಗ್ ಬ್ರೇಕಿಂಗ್’. ಕುದುರೆಯನ್ನು ಮುರಿದಂತೆ ನಾಯಿಯನ್ನೂ ಮುರಿಯುವುದು. ಒಳಗಿನ ಹಟ ಮುರಿದರೆ ಉಳಿದದ್ದು ತಾನಾಗಿ ಬರುತ್ತದೆ ಎಂಬ ನಂಬಿಕೆ ಆ ಪದದೊಳಗೇ ಕೂತಿತ್ತು.

ಆ ಪದವನ್ನೇ ಎದುರು ಹಾಕಿಕೊಂಡವರು ಅಮೆರಿಕದ ಎಸ್. ಟಿ. ಹ್ಯಾಮಂಡ್. ‘ಫಾರೆಸ್ಟ್ ಅಂಡ್ ಸ್ಟ್ರೀಮ್’ ಎಂಬ ಬೇಟೆಗಾರರ ಪತ್ರಿಕೆಗೆ ಬರೆಯುತ್ತಿದ್ದ ಅವರು 1882ರಲ್ಲಿ ತಂದ ಪುಸ್ತಕದ ಶೀರ್ಷಿಕೆಯಲ್ಲೇ ತರಬೇತಿಯನ್ನು ಒಂದು ಕಡೆ, ಮುರಿಯುವುದನ್ನು ಇನ್ನೊಂದು ಕಡೆ ನಿಲ್ಲಿಸಿದರು. ನಾಯಿ ಸರಿಯಾದದ್ದನ್ನು ಮಾಡಿದ ಗಳಿಗೆಯಲ್ಲಿ ತಿನಿಸು ಕೊಡಿ, ಹೊಗಳಿ. ಚಾವಟಿಯಿಂದ ಕಲಿಸುವ ಗೋಜಿಗೆ ಹೋಗಬೇಡಿ ಎಂಬುದು ಅವರ ವಾದ. ಪ್ರಾಣಿಗಳು ಹೇಗೆ ಕಲಿಯುತ್ತವೆ ಎಂಬ ಬಗ್ಗೆ ಪ್ರಯೋಗಾಲಯದ ವಿಜ್ಞಾನ ಆಗ ಇನ್ನೂ ಹುಟ್ಟಿರಲಿಲ್ಲ. ಹ್ಯಾಮಂಡ್ ಹೇಳಿದ್ದು ಸ್ವಂತ ಅನುಭವದಿಂದ.

ಠಾಣೆಯಿಂದ ಮನೆಗೆ

ಅವರ ಮಾತು ಬೇಟೆಗಾರರ ಸಣ್ಣ ವಲಯದಲ್ಲೇ ಉಳಿಯಿತು. ಮುಂದಿನ ಅರ್ಧ ಶತಮಾನದ ದಾರಿ ನಿರ್ಧಾರವಾದದ್ದು ಜರ್ಮನಿಯಲ್ಲಿ. ಕೊನ್ರಾಡ್ ಮೋಸ್ಟ್ 1906ರಲ್ಲಿ ಜಾರ್ಬ್ರುಕೆನ್ ಪೊಲೀಸರಲ್ಲಿದ್ದಾಗ ನಾಯಿಗಳಿಗೆ ಕಲಿಸತೊಡಗಿದರು. 1910ರಲ್ಲಿ ಅವರ ಕೈಪಿಡಿ ಅಚ್ಚಾಯಿತು. ನಾಯಿ ತರಬೇತಿಯ ಚರಿತ್ರೆಯಲ್ಲಿ ಅದರಷ್ಟು ಪ್ರಭಾವ ಬೀರಿದ ಪುಸ್ತಕಗಳು ಬೆರಳೆಣಿಕೆಯಷ್ಟು.

ಮೋಸ್ಟ್ ಅವರನ್ನು ಬರೀ ದೊಣ್ಣೆಯ ಮನುಷ್ಯ ಎಂದು ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ನಾಯಿಗೆ ನಮ್ಮ ಭಾಷೆ ತಿಳಿಯುವುದಿಲ್ಲ, ಮಾತು ಅದಕ್ಕೆ ಒಂದು ಸದ್ದು ಮಾತ್ರ ಎಂದು ಅವರು ಕಂಡುಕೊಂಡಿದ್ದರು. ನಾಯಿಗೆ ನೀತಿ ಅನೀತಿಗಳ ಕಲ್ಪನೆ ಇಲ್ಲ. ‘ತಪ್ಪು ಮಾಡಿದೆ ಅಂತ ಅದಕ್ಕೇ ಗೊತ್ತು’ ಎನ್ನುವುದು ನಮ್ಮ ಊಹೆ. ಬಹುಮಾನವಾಗಲಿ ಶಿಕ್ಷೆಯಾಗಲಿ ಆ ಕ್ಷಣದಲ್ಲೇ ಸಿಕ್ಕಬೇಕು, ಸ್ವಲ್ಪ ತಡವಾದರೂ ಅದು ಯಾವುದಕ್ಕೆಂದು ನಾಯಿಗೆ ಗೊತ್ತಾಗುವುದಿಲ್ಲ. ಮನಃಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ತಮ್ಮ ಮೊದಲ ದೊಡ್ಡ ಪುಸ್ತಕವನ್ನು ತಂದದ್ದು 1938ರಲ್ಲಿ. ಅದರಲ್ಲಿ ಬರುವ ಎಷ್ಟೋ ತತ್ವಗಳು 28 ವರ್ಷ ಮೊದಲೇ ಈ ಪೊಲೀಸನ ಕೈಪಿಡಿಯಲ್ಲಿದ್ದವು.

ಆದರೆ ಅವರಿಗೆ ಬೇಕಿದ್ದದ್ದು ಠಾಣೆಯ ನಾಯಿ, ಮುಂದೆ ಯುದ್ಧದ ನಾಯಿ. ಗುಂಡು ಹಾರುವಾಗ ಅದಕ್ಕೆ ತಿನಿಸು ರುಚಿಸದಿರಬಹುದು, ಆಗಲೂ ಆಜ್ಞೆ ನಡೆಯಬೇಕು. ಹಾಗಾಗಿ ಅವರ ಕ್ರಮದ ಕೊನೆಯ ಆಧಾರ ಬಲವಂತ: ಹಗ್ಗದ ಎಳೆತ, ಮುಳ್ಳಿನ ಕೊರಳಪಟ್ಟಿ, ಬಾರುಕೋಲು. ಮೊದಲ ಮಹಾಯುದ್ಧದಲ್ಲಿ ಈ ಕ್ರಮ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂತು. ಯುದ್ಧ ಮುಗಿದ ಮೇಲೆ ಜರ್ಮನ್ ತರಬೇತುದಾರರು ಕೆಲಸ ಹುಡುಕಿಕೊಂಡು ಅಮೆರಿಕಕ್ಕೆ ಹೋದರು. ಅವರಲ್ಲೊಬ್ಬರು ಕಾರ್ಲ್ ಸ್ಪಿಟ್ಜ್. ಹಾಲಿವುಡ್‌ನಲ್ಲಿ ಶಾಲೆ ತೆರೆದು, ಸದ್ದಿಲ್ಲದ ಕೈಸನ್ನೆಗಳಿಂದ ನಾಯಿಗಳನ್ನು ನಟಿಸಲು ಕಲಿಸಿದವರು. 1939ರ ‘ದಿ ವಿಝರ್ಡ್ ಆಫ್ ಆಝ್’ ಸಿನಿಮಾದ ಟೋಟೋ ಆಗಿ ನಟಿಸಿದ ಪುಟ್ಟ ನಾಯಿ ಟೆರ್ರಿ ಅವರದೇ.

ಬ್ಲಾಂಚ್ ಸಾಂಡರ್ಸ್ ಊರೂರಿಗೆ ಒಯ್ದ ಪಾಠವೂ ಇದೇ ಬಗೆಯದು: ಆಜ್ಞೆ, ಹಗ್ಗದ ಎಳೆತ, ಹೊಗಳಿಕೆ. ಕೊರಳಿಗೆ ಎಳೆದರೆ ಬಿಗಿಯುವ, ಬಿಟ್ಟರೆ ಸಡಿಲವಾಗುವ ಸರಪಳಿ. ‘ಕೂತ್ಕೋ’ ಎಂದ ಕೂಡಲೇ ಮೇಲಕ್ಕೆ ಒಂದು ಎಳೆತ. ನಾಯಿ ಕೂತರೆ ಬಿಗಿತ ಹೋಗುತ್ತದೆ, ಮೆಚ್ಚುಗೆ ಸಿಗುತ್ತದೆ. ಕೆಲವು ದಿನದ ನಂತರ ಎಳೆತ ಬರುವ ಮೊದಲೇ ನಾಯಿ ಕೂರುತ್ತದೆ. ಕ್ರಮ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಪೊಲೀಸ್ ನಾಯಿಗೆಂದು ಹೊಲಿದ ಅಂಗಿಯನ್ನು ಸೋಫಾದ ಮೇಲೆ ಮಲಗುವ ನಾಯಿಗೂ ತೊಡಿಸುತ್ತಿದ್ದೇವೆ ಎಂಬ ಯೋಚನೆ ಆಗ ಹೆಚ್ಚಿನವರಿಗೆ ಬರಲಿಲ್ಲ.

ಅದೇ ಜರ್ಮನಿಯಿಂದ ಇನ್ನೊಂದು ದಾರಿಯೂ ಹೊರಟಿತ್ತು. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಓಲ್ಡೆನ್‌ಬುರ್ಗ್‌ನಲ್ಲಿ ಮಾರ್ಗದರ್ಶಿ ನಾಯಿಗಳ ಶಾಲೆ ಶುರುವಾಯಿತು. ಇಂಥ ಕೆಲಸದ ಬಗ್ಗೆ ಡೊರೊತಿ ಹ್ಯಾರಿಸನ್ ಯೂಸ್ಟಿಸ್ ಎಂಬ ಅಮೆರಿಕದ ಮಹಿಳೆ 1927ರಲ್ಲಿ ಬರೆದ ಲೇಖನವನ್ನು ಕೇಳಿಸಿಕೊಂಡು ಮಾರಿಸ್ ಫ್ರಾಂಕ್ ಎಂಬ ಅಂಧ ಯುವಕ ಅವರಿಗೆ ಕಾಗದ ಬರೆದರು, ಸ್ವಿಟ್ಜರ್ಲೆಂಡಿಗೆ ಹೋಗಿ ಕಲಿತು, 1928ರಲ್ಲಿ ಬಡ್ಡಿ ಎಂಬ ಹೆಣ್ಣು ಜರ್ಮನ್ ಶೆಫರ್ಡ್ ಜೊತೆ ನ್ಯೂಯಾರ್ಕ್‌ನ ವಾಹನ ತುಂಬಿದ ರಸ್ತೆಯನ್ನು ಪತ್ರಕರ್ತರ ಕಣ್ಣೆದುರೇ ದಾಟಿದರು. ಮರುವರ್ಷ ‘ದಿ ಸೀಯಿಂಗ್ ಐ’ ಸಂಸ್ಥೆ ಹುಟ್ಟಿತು. ಈ ನಾಯಿಗಳಿಗೆ ಕೊನೆಗೆ ಕಲಿಸುವ ಪಾಠ ಮಾತು ಮೀರುವುದು. ಯಜಮಾನರು ‘ಮುಂದೆ’ ಎಂದರೂ ಎದುರಿಗೆ ಕಾರು ಬರುತ್ತಿದ್ದರೆ ನಾಯಿ ಕದಲಬಾರದು. ಹೆದರಿಕೆಯಿಂದ ಮಾತು ಕೇಳುವ ನಾಯಿಗೆ ಇದನ್ನು ಕಲಿಸುವುದು ಕಷ್ಟ. ವಿಧೇಯತೆ ಎಂದರೆ ಹೇಳಿದ್ದನ್ನು ಹೇಳಿದಂತೆ ಮಾಡುವುದಷ್ಟೇ ಅಲ್ಲ ಎಂಬುದಕ್ಕೆ ಸಾಕ್ಷಿ ಅಂದೇ ರಸ್ತೆಯಲ್ಲಿ ನಡೆದಾಡುತ್ತಿತ್ತು.

ಮನೆನಾಯಿಯ ತರಬೇತಿ ಮಾತ್ರ ಇನ್ನಷ್ಟು ಬಿಗಿಯಾಯಿತು. ಎರಡನೇ ಮಹಾಯುದ್ಧದಲ್ಲಿ ಸೇನೆಯ ನಾಯಿಗಳಿಗೆ ಕಲಿಸಿ, ಆಮೇಲೆ ಡಿಸ್ನಿ ಚಿತ್ರಗಳ ನಾಯಿಗಳಿಗೂ ಕಲಿಸಿದ ವಿಲಿಯಂ ಕೊಹ್ಲರ್ 1962ರಲ್ಲಿ ತಂದ ಪುಸ್ತಕ ಅಮೆರಿಕದಲ್ಲಿ ಬಹುಕಾಲ ಮನೆಮಾತಾಗಿತ್ತು. ಅದರ ಮೊದಲ ಪಾಠದಲ್ಲಿ ಯಜಮಾನ ಉದ್ದದ ಹಗ್ಗ ಹಿಡಿದು ಒಂದು ಮಾತೂ ಆಡದೆ ದಿಕ್ಕು ಬದಲಿಸುತ್ತ ನಡೆಯುತ್ತಾನೆ. ಗಮನ ಕೊಡದ ನಾಯಿಗೆ ಹಗ್ಗ ಬಿಗಿದು ಪೆಟ್ಟು. ಎರಡು ಮೂರು ದಿನದಲ್ಲಿ ಅದು ಯಜಮಾನನ ಮೇಲಿಂದ ಕಣ್ಣು ಕೀಳುವುದಿಲ್ಲ. ಇಲ್ಲಿಯವರೆಗೆ ಸರಿ. ಆದರೆ ತೋಟದಲ್ಲಿ ಗುಂಡಿ ತೋಡುವ ನಾಯಿಗೆ, ಆ ಗುಂಡಿಯಲ್ಲೇ ನೀರು ತುಂಬಿ ಅದರ ತಲೆಯನ್ನು ಅದರೊಳಗೆ ಅದುಮಬೇಕು ಎಂಬ ಸಲಹೆಯೂ ಅದೇ ಪುಸ್ತಕದಲ್ಲಿದೆ. ಇದನ್ನು ಓದಿ ಮಾಡಿದವರು ಕ್ರೂರಿಗಳಲ್ಲ, ತೋಟ ಹಾಳಾಗಿ ಬೇಸತ್ತ ಸಾಮಾನ್ಯ ಗೃಹಸ್ಥರು.

ತಗಡಿನ ಕಪ್ಪೆ

ಹ್ಯಾಮಂಡ್ ಅನುಭವದಿಂದ ಹೇಳಿದ್ದು ಅಷ್ಟು ಹೊತ್ತಿಗೆ ಪ್ರಯೋಗದಿಂದಲೂ ಸಿದ್ಧವಾಗಿತ್ತು. ಮಿನೆಸೋಟಾದಲ್ಲಿ ಸ್ಕಿನ್ನರ್ ಅವರ ವಿದ್ಯಾರ್ಥಿಗಳಾಗಿದ್ದ ಕೆಲ್ಲರ್ ಬ್ರೆಲಂಡ್ ಮತ್ತು ಮೇರಿಯನ್ ಬ್ರೆಲಂಡ್ ದಂಪತಿ, ಯುದ್ಧಕಾಲದಲ್ಲಿ ಗುರುವಿನ ಜೊತೆ ಪಾರಿವಾಳಗಳಿಗೆ ಕಲಿಸುವ ಯೋಜನೆಯಲ್ಲಿ ಕೆಲಸ ಮಾಡಿದ್ದರು. 1947ರಲ್ಲಿ ವಿಶ್ವವಿದ್ಯಾಲಯ ಬಿಟ್ಟು ಪ್ರಾಣಿಗಳಿಗೆ ಕಲಿಸುವುದನ್ನೇ ಉದ್ಯೋಗ ಮಾಡಿಕೊಂಡರು. ಅವರ ಕೋಳಿಗಳು ಕುಣಿದವು, ಬಾತುಕೋಳಿಗಳು ಪಿಯಾನೊ ಬಾರಿಸಿದವು.

ಅವರ ಕೈಯಲ್ಲಿದ್ದ ಮುಖ್ಯ ಉಪಕರಣ ಒಂದು ಸದ್ದು. ಜಾತ್ರೆಯಲ್ಲಿ ಮಕ್ಕಳಿಗೆ ಮಾರುವ ತಗಡಿನ ಟಿಕ್‌ಟಿಕ್ ಕಪ್ಪೆಯನ್ನು ನೆನಪಿಸಿಕೊಂಡರೆ ಸಾಕು. ಮೊದಲು ಸದ್ದು ಮಾಡಿ ಕೂಡಲೇ ತಿನಿಸು ಕೊಡಬೇಕು, ಹಲವು ಸಲ. ‘ಟಿಕ್’ ಎಂದರೆ ತಿನಿಸು ಬಂತೆಂದೇ ಅರ್ಥ ಎಂದು ಪ್ರಾಣಿ ಕಲಿಯುತ್ತದೆ. ಆಮೇಲೆ ಬೇಕಾದ ಕ್ರಿಯೆ ನಡೆದ ಗಳಿಗೆಗೆ ಸರಿಯಾಗಿ ‘ಟಿಕ್’. ತಿನಿಸು ನಿಧಾನವಾಗಿ ಬಂದರೂ ಚಿಂತೆಯಿಲ್ಲ; ಯಾವುದಕ್ಕೆ ಬಂತೆಂದು ಸದ್ದು ಹೇಳಿಬಿಟ್ಟಿದೆ. ಒಮ್ಮೆಲೇ ಪೂರ್ತಿ ಕ್ರಿಯೆಗಾಗಿ ಕಾಯಬೇಕಿಲ್ಲ. ತಲೆ ತಿರುಗಿಸಿದರೆ ಟಿಕ್, ಒಂದು ಹೆಜ್ಜೆ ಇಟ್ಟರೆ ಟಿಕ್, ಮುಟ್ಟಿದರೆ ಟಿಕ್: ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಒಯ್ಯಬಹುದು. ಹಗ್ಗ ಬೇಡ, ಎಳೆತ ಬೇಡ, ಶುರುವಿನಲ್ಲಿ ಆಜ್ಞೆಯೂ ಬೇಡ. ಪ್ರಾಣಿ ಕ್ರಿಯೆಯನ್ನು ಕಲಿತ ಮೇಲೆ ಅದಕ್ಕೊಂದು ಹೆಸರಿಟ್ಟರಾಯಿತು. 1951ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಸ್ಕಿನ್ನರ್ ಇದನ್ನೇ ಸಾಮಾನ್ಯ ಓದುಗರಿಗೆ ವಿವರಿಸಿ, ಆಟಿಕೆಯಂಗಡಿಯ ಕ್ಲಿಕ್ಕರ್ ಕೊಂಡು ಮನೆಯ ನಾಯಿಯ ಮೇಲೆ ಪ್ರಯೋಗಿಸಿ ನೋಡಲು ಹೇಳಿದರು.

ಬ್ರೆಲಂಡ್ ದಂಪತಿ ಈ ವಿದ್ಯೆಯನ್ನು ನಾಯಿ ತರಬೇತುದಾರರ ಮುಂದೆ ಇಟ್ಟಾಗ ಅವರು ಕಿವಿಗೊಡಲಿಲ್ಲ. ತಲೆತಲಾಂತರದಿಂದ ಬಂದ ಕಸುಬಿಗೆ ಪ್ರಯೋಗಾಲಯದವರ ಬುದ್ಧಿವಾದವೇಕೆ? ಅದಕ್ಕಿಂತ ಆಳದ ಕಾರಣವೂ ಒಂದಿತ್ತು. ನಾಯಿ ಬೊಗಳುತ್ತದೆ, ಮನುಷ್ಯ ಗದರಿ ಹಗ್ಗ ಎಳೆಯುತ್ತಾನೆ, ನಾಯಿ ತಟ್ಟನೆ ಸುಮ್ಮನಾಗುತ್ತದೆ. ಇಲ್ಲಿ ಆ ಕ್ಷಣದಲ್ಲೇ ಬಹುಮಾನ ಸಿಕ್ಕಿದ್ದು ಮನುಷ್ಯನಿಗೆ. ನಾಳೆ ನಾಯಿ ಮತ್ತೆ ಬೊಗಳಿದರೂ ಎಳೆಯುವ ಕೈಗೆ ಅಭ್ಯಾಸ ಕೂತಾಗಿದೆ. ಒಳ್ಳೆಯದನ್ನು ಕಾಯ್ದು ನೋಡಿ ಮೆಚ್ಚುವುದರ ಫಲ ನಿಧಾನ. ಸ್ಕಿನ್ನರ್ ಅವರ ಸಿದ್ಧಾಂತ ನಾಯಿಗೆ ಹೇಗೋ ಅದರ ಯಜಮಾನನಿಗೂ ಹಾಗೇ ಹೊಂದುತ್ತದೆ.

ಬ್ರೆಲಂಡ್ ದಂಪತಿಗೆ ತಮ್ಮ ವಿದ್ಯೆಯ ಮಿತಿಯೂ ಗೊತ್ತಿತ್ತು. ಹುಂಡಿಗೆ ನಾಣ್ಯ ಹಾಕಲು ಕಲಿತ ರಕೂನ್ ಸ್ವಲ್ಪ ದಿನದ ಮೇಲೆ ನಾಣ್ಯಗಳನ್ನು ಹಾಕದೆ ಒಂದಕ್ಕೊಂದು ಉಜ್ಜುತ್ತ ಕೂರುತ್ತಿತ್ತು, ನೀರಿನಲ್ಲಿ ಆಹಾರ ಉಜ್ಜುವಂತೆ. ಹಂದಿ ನಾಣ್ಯವನ್ನು ಮೂತಿಯಿಂದ ನೆಲದಲ್ಲಿ ಹೊರಳಿಸುತ್ತಿತ್ತು. ತಿನಿಸು ತಪ್ಪಿಹೋದರೂ ಹುಟ್ಟುಗುಣ ಮೇಲೇಳುತ್ತಿತ್ತು. 1961ರಲ್ಲಿ ಅವರು ಇದನ್ನು ಪ್ರಕಟಿಸಿದರು. ನಾಯಿಗೂ ಇದು ಸತ್ಯ. ಬೊಗಳುವುದು, ಅಗೆಯುವುದು, ಜಗಿಯುವುದು, ಮೂಸುವುದು ಅದರ ಹುಟ್ಟುಗುಣ. ಇವುಗಳಿಗೆ ಜಾಗ ಮಾಡಿಕೊಡದೆ ಬರೀ ಅದುಮಿದರೆ ಇನ್ನೊಂದು ಕಡೆಯಿಂದ ಹೊರಬರುತ್ತವೆ.

ಈ ವಿದ್ಯೆ ನಾಯಿಗಳ ಲೋಕಕ್ಕೆ ಬಂದದ್ದು ಸಮುದ್ರದ ದಾರಿಯಿಂದ. 1963ರಲ್ಲಿ ಹವಾಯಿಯ ಸೀ ಲೈಫ್ ಪಾರ್ಕ್‌ನಲ್ಲಿ ಡಾಲ್ಫಿನ್‌ಗಳಿಗೆ ಕಲಿಸುವ ಹೊಣೆ ಕರೆನ್ ಪ್ರಯರ್ ಅವರ ಮೇಲೆ ಬಿತ್ತು. ಡಾಲ್ಫಿನ್‌ನ ಕೊರಳಿಗೆ ಸರಪಳಿ ಹಾಕಲಾಗದು, ಹೊಡೆಯಲಾಗದು. ಬೇಸರವಾದರೆ ಅದು ಕೊಳದ ಆಚೆ ತುದಿಗೆ ಈಜಿ ಹೋಗುತ್ತದೆ. ಉಳಿದದ್ದು ಸೀಟಿ ಮತ್ತು ಮೀನು. ಬಲವಂತಕ್ಕೆ ದಾರಿಯೇ ಇಲ್ಲದ ಕಡೆ ಬಲವಂತವಿಲ್ಲದ ವಿದ್ಯೆ ಬೆಳೆಯಿತು. 1984ರಲ್ಲಿ ಪ್ರಯರ್ ಬರೆದ ‘ಡೋಂಟ್ ಶೂಟ್ ದ ಡಾಗ್’ ಅಸಲಿಗೆ ನಾಯಿ ತರಬೇತಿಯ ಕೈಪಿಡಿಯಲ್ಲ. ಮಕ್ಕಳು, ಸಂಗಾತಿ, ಸಹೋದ್ಯೋಗಿಗಳ ಜೊತೆಗಿನ ನಡವಳಿಕೆಯೂ ಅದರಲ್ಲಿದೆ. ಅದನ್ನು ಹಿಡಿದುಕೊಂಡವರು ಮಾತ್ರ ನಾಯಿ ಸಾಕಿದವರು. 1992ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಒಂದು ಸಭೆಯ ನಂತರ ಕ್ಲಿಕ್ಕರ್ ತರಬೇತಿ ಎಲ್ಲೆಡೆ ಹರಡಿತು. ಹ್ಯಾಮಂಡ್ ಅವರ ಪುಸ್ತಕಕ್ಕೆ ಆಗ 110 ವರ್ಷ.

ತೋಳದ ನೆರಳು

ಅಷ್ಟರೊಳಗೆ ಹಳೆಯ ಬಲವಂತಕ್ಕೆ ಹೊಸ ಸಮರ್ಥನೆಯೊಂದು ಸಿಕ್ಕಿತ್ತು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ಗಮನಿಸಿ, ಅವುಗಳಲ್ಲಿ ಮೇಲುಕೀಳಿನ ಹೋರಾಟ ನಡೆಯುತ್ತದೆ ಎಂದು ಬರೆದಿದ್ದರು. ಅಮೆರಿಕದ ಡೇವಿಡ್ ಮೆಕ್ ಅವರ 1970ರ ಪುಸ್ತಕ ‘ಆಲ್ಫಾ’ ತೋಳದ ಕಲ್ಪನೆಯನ್ನು ಜನಪ್ರಿಯಗೊಳಿಸಿತು. ನಾಯಿ ತೋಳದ ವಂಶದ್ದು, ಮನೆ ಅದಕ್ಕೊಂದು ತೋಳದ ಗುಂಪು, ಯಜಮಾನ ಆಲ್ಫಾ ಆಗದಿದ್ದರೆ ನಾಯಿಯೇ ಆಗುತ್ತದೆ ಎಂದು ತರಬೇತುದಾರರು ಹೇಳತೊಡಗಿದರು. ನ್ಯೂಯಾರ್ಕ್ ರಾಜ್ಯದ ನ್ಯೂ ಸ್ಕೀಟ್ ಮಠದ ಸನ್ಯಾಸಿಗಳು 1978ರಲ್ಲಿ ಬರೆದ ಹೆಸರಾಂತ ಪುಸ್ತಕ, ಮಾತು ಕೇಳದ ನಾಯಿಯನ್ನು ಅಂಗಾತ ಕೆಡವಿ ಒತ್ತಿಹಿಡಿಯಲು ಹೇಳಿತು. ಮುಂದೆ 2002ರ ಆವೃತ್ತಿಯಲ್ಲಿ ಅವರೇ ಆ ಸಲಹೆಯನ್ನು ಕೈಬಿಟ್ಟರು.

ಶೆಂಕೆಲ್ ಕಂಡದ್ದು ಬೇರೆ ಬೇರೆ ಕಡೆಯಿಂದ ತಂದು ಒಂದೇ ಆವರಣದಲ್ಲಿ ಕೂಡಿಹಾಕಿದ ತೋಳಗಳನ್ನು. ಮೆಕ್ ಮುಂದೆ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ 13 ಬೇಸಿಗೆ ಕಾಡಿನ ತೋಳಗಳ ಹತ್ತಿರವೇ ಇದ್ದು ನೋಡಿದರು. ಗುಂಪು ಎಂದರೆ ತಂದೆ, ತಾಯಿ, ಅವರ ಮರಿಗಳು. ಮರಿಗಳು ದೊಡ್ಡವರ ಹಿಂದೆ ಹೋಗುವುದು ಕಾದಾಡಿ ಸೋತದ್ದಕ್ಕಲ್ಲ. 1999ರಲ್ಲಿ ಅವರು ತಮ್ಮ ಹಳೆಯ ಮಾತನ್ನು ತಾವೇ ತಿದ್ದಿದರು, ಹಳೆಯ ಪುಸ್ತಕದ ಮುದ್ರಣ ನಿಲ್ಲಿಸುವಂತೆ ಪ್ರಕಾಶಕರನ್ನು ಕೇಳಿಕೊಂಡರು. ಆದರೆ ತಿದ್ದುಪಡಿ ವಿಜ್ಞಾನ ಪತ್ರಿಕೆಯಲ್ಲಿ ಬಂತು, ಆಲ್ಫಾ ಟೀವಿಯಲ್ಲಿ ಬಂದ. 2004ರಿಂದ ಅಮೆರಿಕದ ಜನಪ್ರಿಯ ಕಾರ್ಯಕ್ರಮವೊಂದು ಯಜಮಾನಿಕೆಯ ಈ ಪಾಠವನ್ನು ಲೋಕದ ತುಂಬ ಹಂಚಿತು.

ಪಾಠದ ಬೆಲೆ ತೆತ್ತವರು ಮನೆಮಂದಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ನಡವಳಿಕೆಯ ಸಮಸ್ಯೆಗೆಂದು ತಮ್ಮಲ್ಲಿಗೆ ಬಂದ ನಾಯಿಗಳ 140 ಮಾಲೀಕರನ್ನು ಕೇಳಿ 2009ರಲ್ಲಿ ವರದಿ ಪ್ರಕಟಿಸಿದರು. ನಾಯಿಯನ್ನು ಹೊಡೆದ ಇಲ್ಲವೇ ಒದ್ದವರಲ್ಲಿ 43 ಶೇಕಡಾ ಮಂದಿಗೆ, ಅಂಗಾತ ಕೆಡವಿದವರಲ್ಲಿ 31 ಶೇಕಡಾ ಮಂದಿಗೆ ನಾಯಿ ತಿರುಗಿಬಿದ್ದಿತ್ತು. ಗುರ್ ಎನ್ನುವ ನಾಯಿ ಅನೇಕ ಸಲ ಹೆದರಿದ ನಾಯಿ. ಗುರ್ ಎಂದಿದ್ದಕ್ಕೆ ಹೊಡೆದರೆ ಅದು ಕಲಿಯುವುದು ಎಚ್ಚರಿಕೆ ಕೊಡಬಾರದೆಂದು. ಮುಂದಿನ ಸಲ ಸದ್ದಿಲ್ಲದೆ ಕಚ್ಚಬಹುದು. ಕಚ್ಚಿಸಿಕೊಳ್ಳುವವರು ಹೊಡೆದವರೇ ಆಗಬೇಕಿಲ್ಲ, ಮನೆಯ ಮಗುವೂ ಆಗಬಹುದು. ಅದಾದ ಮೇಲೆ ಆ ನಾಯಿಗೆ ಆ ಮನೆಯಲ್ಲಿ ಜಾಗವಿರುವುದಿಲ್ಲ.

ಮರಿಗಳ ಶಾಲೆ

ಮನೆನಾಯಿಗೆ ಬೇಕಾದ ಪಾಠವೇ ಬೇರೆ ಎಂದು ಹೊರಟವರು ಇಯಾನ್ ಡನ್‌ಬಾರ್. ಇಂಗ್ಲೆಂಡಿನಲ್ಲಿ ಪಶುವೈದ್ಯ ಕಲಿತು ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಬಂದವರು. ಹಳೆಯ ತರಗತಿಗಳು ಆರು ತಿಂಗಳು ತುಂಬದ ನಾಯಿಯನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಎಳೆತಕ್ಕೆ ಮರಿಯ ಕುತ್ತಿಗೆ ತಡೆಯುವುದಿಲ್ಲವಲ್ಲ. ಹೀಗಾಗಿ ನಾಯಿ ಮನುಷ್ಯರನ್ನೂ ಬೇರೆ ನಾಯಿಗಳನ್ನೂ ಹೆದರದೆ ಒಗ್ಗಿಸಿಕೊಳ್ಳುವ ಎಳೆಯ ವಯಸ್ಸೆಲ್ಲ ಪಾಠವಿಲ್ಲದೆ ಕಳೆದುಹೋಗುತ್ತಿತ್ತು. ಕೆಟ್ಟ ಅಭ್ಯಾಸ ಬಲಿತ ಮೇಲೆ ಶಾಲೆ ಶುರು, ಆಗ ಬಲವಂತವೇ ಮದ್ದೆಂದು ಕಾಣುತ್ತಿತ್ತು. 1980ರ ದಶಕದ ಆರಂಭದಲ್ಲಿ ಡನ್‌ಬಾರ್ ಹಗ್ಗ ಬಿಚ್ಚಿದ ಮರಿಗಳ ತರಗತಿ ತೆರೆದರು. ಮರಿಯ ಮೂಗಿನ ಮುಂದೆ ತಿನಿಸು ಹಿಡಿದು ಕೈಯನ್ನು ನಿಧಾನವಾಗಿ ತಲೆಯ ಮೇಲಕ್ಕೆ ಒಯ್ದರೆ ಮೂಗು ಮೇಲೇರುತ್ತದೆ, ಹಿಂಭಾಗ ತಾನಾಗಿ ಕೆಳಗಿಳಿಯುತ್ತದೆ. ಮರಿ ಕೂತಿತು. ಯಾರೂ ಮುಟ್ಟಲಿಲ್ಲ. ಇದನ್ನು ಮನೆಯ ಎಂಟು ವರ್ಷದ ಮಗುವೂ ಮಾಡಬಹುದು.

ಕಲಿಸುವ ವಿಷಯವೂ ಬದಲಾಯಿತು. ವಾಕರ್ ಅವರ ಪರೀಕ್ಷೆಯಲ್ಲಿ ನಾಯಿ ಅಖಾಡದೊಳಗೆ ನಿಖರವಾಗಿ ನಡೆದರೆ ಅಂಕ. ಅಂಥ ಪದಕ ಗೆದ್ದ ನಾಯಿ ಮನೆಗೆ ಬಂದ ನೆಂಟರ ಮೇಲೆ ಹಾರಬಹುದಿತ್ತು. 1989ರಲ್ಲಿ ಅದೇ ಅಮೆರಿಕನ್ ಕೆನಲ್ ಕ್ಲಬ್ ‘ಒಳ್ಳೆಯ ನಾಗರಿಕ ನಾಯಿ’ ಎಂಬ ಹತ್ತು ಅಂಶದ ಪರೀಕ್ಷೆ ತಂದಿತು. ಅಪರಿಚಿತರು ಬಂದು ಯಜಮಾನರ ಕೈಕುಲುಕಿದಾಗ ಸುಮ್ಮನಿರುವುದು, ಜನರ ನಡುವೆ ನಡೆಯುವುದು, ಇನ್ನೊಂದು ನಾಯಿ ಎದುರಾದಾಗ ಎಗರದಿರುವುದು, ಯಜಮಾನರು ಕಣ್ಮರೆಯಾದರೆ ಗಾಬರಿಯಾಗದಿರುವುದು. ಇದರಲ್ಲಿ ತಳಿ ಲೆಕ್ಕಕ್ಕಿಲ್ಲ. ಸೈನಿಕನ ಶಿಸ್ತಿನಿಂದ ನೆರೆಹೊರೆಯ ಸೌಜನ್ಯಕ್ಕೆ ಬರಲು ಮೌಂಟ್ ಕಿಸ್ಕೋದಿಂದ 56 ವರ್ಷ ಬೇಕಾಯಿತು.

ಛೂ ಮತ್ತು ಹಚಾ

ಭಾರತದಲ್ಲಿಯೂ ತರಬೇತಿ ಮನೆಗೆ ಬಂದದ್ದು ಪಡೆಗಳ ಕಡೆಯಿಂದ. ಗ್ವಾಲಿಯರ್ ಬಳಿಯ ಟೇಕನ್‌ಪುರದಲ್ಲಿ ಗಡಿ ಭದ್ರತಾ ಪಡೆಯ ರಾಷ್ಟ್ರೀಯ ಶ್ವಾನ ತರಬೇತಿ ಕೇಂದ್ರ ಶುರುವಾದದ್ದು 1970ರಲ್ಲಿ. ಬೆಂಗಳೂರಿನ ಹೊರವಲಯದ ತರಳುವಿನಲ್ಲಿ ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ಶಾಲೆಯಿದೆ. ನಗರಗಳಲ್ಲಿ ಮನೆಗೆ ಬಂದು ನಾಯಿಗೆ ಕಲಿಸುವವರಲ್ಲಿ ಇಂಥ ದಳಗಳಿಂದ ನಿವೃತ್ತರಾದವರೂ ಇದ್ದಾರೆ. ಅವರ ಕಸುಬು ಗೊತ್ತಿರುವುದೇ, ಆದರೆ ಬಾಂಬು ಮೂಸುವ ನಾಯಿಯ ದಿನಚರಿಗೂ ಬಾಲ್ಕನಿಯಲ್ಲಿ ಮಲಗುವ ನಾಯಿಯ ದಿನಚರಿಗೂ ಹೋಲಿಕೆಯಿಲ್ಲ.

ಕನ್ನಡದಲ್ಲಿ ನಾಯಿಗೆ ಹೇಳುವ ಹಳೆಯ ಆಜ್ಞೆಗಳನ್ನು ಹುಡುಕಿದರೆ ಥಟ್ಟನೆ ಸಿಗುವುದು ಎರಡು: ‘ಛೂ’ ಮತ್ತು ‘ಹಚಾ’. ಒಂದು ಯಾರ ಮೇಲೋ ಬಿಡಲು, ಇನ್ನೊಂದು ಓಡಿಸಲು. ಕೂತ್ಕೋ, ನಿಲ್ಲು, ಕಾದಿರು ಎನ್ನುವ ಅಗತ್ಯ ಹಳ್ಳಿಯಲ್ಲಿ ಬೀಳಲಿಲ್ಲ. ನಾಯಿ ಜಗಲಿಯಲ್ಲಿತ್ತು, ಬೀದಿಯಲ್ಲಿತ್ತು, ಹೊತ್ತಾದಾಗ ಮುದ್ದೆಗೋ ಅನ್ನಕ್ಕೋ ಬರುತ್ತಿತ್ತು. ಮನುಷ್ಯರ ನಡುವೆ ಹೇಗಿರಬೇಕೆಂದು ಅದು ಬೀದಿಯಲ್ಲೇ ಕಲಿಯುತ್ತಿತ್ತು. ‘ನಾಯಿ ಬಾಲ ಡೊಂಕು’ ಎಂಬ ಗಾದೆಯೂ ಆ ಲೋಕದ್ದೇ; ನೆಟ್ಟಗೆ ಮಾಡಬೇಕಾದ ಪ್ರಸಂಗವೇ ಇಲ್ಲದವರ ಮಾತು. ಏಳನೇ ಮಹಡಿಯ ಎರಡು ಕೋಣೆಯ ಮನೆಯೊಳಗೆ ಬಂದ ನಾಯಿಗೆ ಕನ್ನಡದ ಮನೆಯವರೂ ಇಂಗ್ಲಿಷಿನಲ್ಲಿ ಹೇಳುತ್ತಾರೆ. ನಾಯಿಗೆ ವ್ಯತ್ಯಾಸವಿಲ್ಲ. ಮೋಸ್ಟ್ ಹೇಳಿದಂತೆ ಅದಕ್ಕೆ ಎಲ್ಲವೂ ಸದ್ದೇ. ಮನೆಮಂದಿಯೆಲ್ಲ ಒಂದೇ ಸದ್ದನ್ನು ಬಳಸುವುದು ಮುಖ್ಯ. ಅಪ್ಪ ‘ಸಿಟ್’ ಎಂದು, ಅಜ್ಜಿ ‘ಕೂತ್ಕೋ’ ಎಂದು, ಮಗಳು ‘ಸಿಟ್ ಡೌನ್ ಪುಟ್ಟಾ’ ಎಂದರೆ ಅದು ಮೂರು ಬೇರೆ ಪಾಠ.

ಈ ಕೆಲಸಕ್ಕೆ ಕನ್ನಡದಲ್ಲಿರುವ ಹೆಸರುಗಳು ಚೆನ್ನಾಗಿವೆ. ‘ಪಳಗಿಸು’ ಎಂದರೆ ಬಳಕೆ ಮಾಡಿಸುವುದು, ಒಗ್ಗಿಸುವುದು. ತಮಿಳಿನ ‘ಪೞಗು’ ಇದರ ಒಡಹುಟ್ಟು. ‘ತರಬೇತಿ’ಯ ಮೂಲ ಅರಬ್ಬಿಯ ‘ತರ್ಬಿಯತ್’, ಅದರ ಅರ್ಥ ಸಾಕಿ ಬೆಳೆಸುವುದು. ಎರಡರಲ್ಲೂ ಮುರಿಯುವ ಮಾತಿಲ್ಲ.

ಭಾರತದ ಕಾನೂನಿನಲ್ಲಿಯೂ ಈ ಅರ್ಥಕ್ಕೆ ಹತ್ತಿರದ ಒಂದು ಸಾಲಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಕ್ರೌರ್ಯಗಳ ಪಟ್ಟಿ ಕೊಡುತ್ತದೆ. ಹೊಡೆಯುವುದು, ಒದೆಯುವುದು, ತೀರಾ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಹಾಕುವುದು ಅದರಲ್ಲಿವೆ. ಇವುಗಳ ಜೊತೆಗೆ, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದೂ ಕ್ರೌರ್ಯವೇ ಎಂದು ಕಾಯ್ದೆ ಹೇಳುತ್ತದೆ. ಮನೆಯವರು ನಾಯಿಯನ್ನು ಹೊರಗೆ ಕರೆದೊಯ್ಯುವುದು ಬಿಡುವ ಕಾರಣ ಅನೇಕ ಸಲ ಒಂದೇ: ಅದು ಎಳೆಯುತ್ತದೆ, ಬೊಗಳುತ್ತದೆ, ಲಿಫ್ಟಿನಲ್ಲಿ ಜನರ ಮೇಲೆ ಹಾರುತ್ತದೆ, ಅಕ್ಕಪಕ್ಕದವರು ದೂರು ಕೊಡುತ್ತಾರೆ. ಹೊರಗೆ ಹೋಗದ ನಾಯಿ ಇನ್ನಷ್ಟು ಬೊಗಳುತ್ತದೆ, ಸರಪಳಿ ಇನ್ನಷ್ಟು ಗಿಡ್ಡವಾಗುತ್ತದೆ. ನಡವಳಿಕೆ ಕಲಿತ ನಾಯಿಗೆ ಲಿಫ್ಟು, ಮೆಟ್ಟಿಲು, ಪಾರ್ಕು ತೆರೆಯುತ್ತವೆ.

ಅದಕ್ಕೆ ಬೇಕಾದದ್ದು ದಿನಕ್ಕೆರಡು ಸಲ ಐದೈದು ನಿಮಿಷ, ಜೇಬಿನಲ್ಲಿ ನಾಲ್ಕು ತುಣುಕು ತಿನಿಸು. ಲಿಫ್ಟಿನ ಬಾಗಿಲು ತೆರೆಯುವ ಮೊದಲು ಕೂರಿಸುವುದು, ಕೂತ ಗಳಿಗೆಯಲ್ಲಿ ಕೊಡುವುದು. ಆಗದಿದ್ದರೆ ಗದರದೆ ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಮಾಡುವುದು. ಇದು 1882ರಲ್ಲೇ ಅಚ್ಚಾದ ಪಾಠ. ಪುಣೆಯಲ್ಲೋ ಚೆನ್ನೈನಲ್ಲೋ ಇವತ್ತು ಸಂಜೆ ಮನೆಗೆ ಬಂದ ಎರಡು ತಿಂಗಳ ಮರಿಗೆ ಅದು ಹೊಸದೇ.